ಕಿರಿಯಳಿಯ ಕಂಡುಹಿಡಿದ ಸೋರಿಕೆ

ಮಾವನ ಪಿಕಪ್ಪಿಗೆ ಕೈ ಹಾಕುವ ಹಕ್ಕು ತನ್ನೊಬ್ಬನದೇ ಎಂದು ಗ್ಯಾರೇಜಿನವನು ನಂಬಿದ್ದ. ಮದುವೆಯಾದ ಹೊಸದರಲ್ಲಿ ಅದರ ಕ್ಲಚ್ ಪ್ಲೇಟು ಬದಲಿಸಿದ್ದು ಅವನು, ಆಮೇಲೆ ಬ್ರೇಕು ಸರಿಮಾಡಿದ್ದೂ ಅವನೇ. ಮಾವ ಬಡಗಿ, ತಾವು ಮಾಡಿದ ಬಾಗಿಲು ಕಿಟಕಿಗಳನ್ನು ಆ ಹಳೆಯ ಗಾಡಿಯಲ್ಲಿ ಹೇರಿಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸುತ್ತಿದ್ದರು. "ನಮ್ಮ ಅಳಿಯಂದ್ರು ಸದ್ದು ಕೇಳಿಯೇ ರೋಗ ಹೇಳ್ತಾರೆ" ಎಂದು ಅವರು ಕಂಡಕಂಡವರ ಮುಂದೆ ಹೊಗಳುವಾಗ, ಗ್ಯಾರೇಜಿನವನು ಕೇಳಿಸದವನಂತೆ ನಟಿಸುತ್ತ ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದ.

ಅಂಥ ಗಾಡಿ ಎಣ್ಣೆ ಸೋರತೊಡಗಿತು. ನಿಂತಲ್ಲೆಲ್ಲ ಕಪ್ಪು ಕಲೆ. "ಬಾಗಿಲು ತಂದ್ರಿ ಸರಿ, ಅಂಗಳಕ್ಕೆ ಎಣ್ಣೆ ಹುಯ್ಯಿರಿ ಅಂತ ಯಾರು ಹೇಳಿದ್ರು?" ಎಂದು ಗಿರಾಕಿಯೊಬ್ಬರು ಮಾವನ ಮುಖಕ್ಕೇ ಕೇಳಿದರು. ಗ್ಯಾರೇಜಿನವನು ಗಾಡಿಯಡಿ ಮಲಗಿ ನೋಡಿದ. ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ ಹನಿ ಬೀಳುತ್ತಿತ್ತು. "ಇಂಜಿನ್ನಿನ ಹಿಂಬದಿಯ ಆಯಿಲ್ ಸೀಲು ಹೋಗಿದೆ" ಎಂದು ಮಲಗಿದಲ್ಲಿಂದಲೇ ತೀರ್ಪು ಕೊಟ್ಟ. ಗೇರ್‌ಬಾಕ್ಸ್ ಇಳಿಸಿ, ಬೆನ್ನು ಬಿದ್ದುಹೋಗುವಂತೆ ದುಡಿದು ಹೊಸ ಸೀಲು ಕೂರಿಸಿದ. ಕೆಲವೇ ದಿನದಲ್ಲಿ ಮತ್ತೆ ಹನಿ. ಇಂಜಿನ್ನಿನ ತಳದ ಎಣ್ಣೆತೊಟ್ಟಿಯ ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಿಸಿದ. ಮತ್ತೆ ಹನಿ.

ಈ ಹೊತ್ತಿಗೆ ಹೆಂಡತಿಯ ತಂಗಿಗೆ ಮದುವೆಯಾಗಿ ಅವನಿಗೊಬ್ಬ ಷಡ್ಡಕ ಬಂದಿದ್ದ. ಫ್ರಿಜ್ ರಿಪೇರಿ ಮಾಡುವವನು, ಮೆತ್ತನೆಯ ಮಾತಿನವನು. ಗ್ಯಾರೇಜಿನವನು ಮನಸ್ಸಿನಲ್ಲೇ ಅವನಿಗೆ 'ಐಸ್‌ಪೆಟ್ಟಿಗೆ' ಎಂದು ಹೆಸರಿಟ್ಟಿದ್ದ. ಒಂದು ಭಾನುವಾರ ಈ ಐಸ್‌ಪೆಟ್ಟಿಗೆ ಮಾವನ ಅಂಗಳದಲ್ಲಿ ಇಂಜಿನ್ನನ್ನು ಚೆನ್ನಾಗಿ ತೊಳೆದು, ಒರೆಸಿ, ಮುಖಕ್ಕೆ ಹಚ್ಚುವ ಪೌಡರನ್ನು ಅದರ ಮೈಮೇಲೆಲ್ಲ ಉದುರಿಸಿ, ಗಾಡಿಯನ್ನು ಒಂದು ಸುತ್ತು ಓಡಿಸಿ ತಂದ. ಬಾನೆಟ್ ಎತ್ತಿದರೆ ಬಿಳಿ ಪೌಡರಿನಲ್ಲಿ ಕಂದು ಗೆರೆಯೊಂದು ಎದ್ದು ಕಾಣುತ್ತಿತ್ತು. ಇಂಜಿನ್ನಿನ ನೆತ್ತಿಯ ಮುಚ್ಚಳದ ಹಿಂದಿನ ಮೂಲೆಯಿಂದ ಹೊರಟ ಎಣ್ಣೆ ಬೆನ್ನಗುಂಟ ಇಳಿದು, ಗೇರ್‌ಬಾಕ್ಸಿನ ಹತ್ತಿರ ಹನಿಯಾಗಿ ಬೀಳುತ್ತಿತ್ತು. ಮುಚ್ಚಳದ ಗ್ಯಾಸ್ಕೆಟ್ ಬದಲಿಸಿದ. ಸೋರುವುದು ನಿಂತಿತು.

ಸುದ್ದಿ ತಂದವಳು ಹೆಂಡತಿ. "ಫ್ರಿಜ್ಜಲ್ಲಿ ಗ್ಯಾಸ್ ಲೀಕ್ ಹುಡುಕೋಕೆ ಸೋಪುನೀರು ಹಚ್ತಾರಂತೆ, ಇದಕ್ಕೆ ಪೌಡರ್ ಹಾಕಿದ್ನಂತೆ ರೀ! ಅಪ್ಪನಿಗೆ ಖುಷಿಯೋ ಖುಷಿ."

"ಪೌಡರ್ ಹಾಕೋಕೆ ಅದೇನು ಮದುವೆ ಹೆಣ್ಣಾ?" ಎಂದು ಗೊಣಗಿದ. ಆದರೆ ಅಂದು ಊಟ ಸೇರಲಿಲ್ಲ. ಗೇರ್‌ಬಾಕ್ಸ್ ಇಳಿಸುವ ಮುಂಚೆ ಮೇಲೊಮ್ಮೆ ಬಟ್ಟೆಯಲ್ಲಿ ಒರೆಸಿ ನೋಡಬಹುದಿತ್ತು. ತನಗೆ ಹೊಳೆಯಲಿಲ್ಲ ಎಂಬುದಕ್ಕಿಂತ ಅವನಿಗೆ ಹೊಳೆಯಿತು ಎಂಬುದೇ ಹೆಚ್ಚು ಚುಚ್ಚುತ್ತಿತ್ತು.

ಮುಂದೆ ಮಾವನ ಮನೆಗೆ ಹೋದಾಗ ಅವರು ನೀರಿನ ಮೋಟರಿನ ತಕರಾರನ್ನೂ ಕಿರಿಯಳಿಯನ ಹತ್ತಿರವೇ ಹೇಳುತ್ತ ಕೂತಿದ್ದರು. ಗ್ಯಾರೇಜಿನವನು ಮೆಲ್ಲಗೆ ಎದ್ದು ಹೊರಗೆ ಹೋಗಿ, ಪಿಕಪ್ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿದ. ಎಣ್ಣೆ ಹುಯ್ಯುವ ಮುಚ್ಚಳ ಸಡಿಲಿಸಿದರೆ ಅದು ಕುದಿಯುವ ಪಾತ್ರೆಯ ತಟ್ಟೆಯಂತೆ ಕುಣಿಯಿತು. ಬಿಸಿ ಆವಿ ಬುಸ್ಸೆಂದು ಮುಖಕ್ಕೆ ಹೊಡೆಯಿತು. ಇಂಜಿನ್ನಿನ ಒಳಗಿನ ಆವಿ ಹೊರಹೋಗುವ ಸಣ್ಣ ಕೊಳವೆ ಕಟ್ಟಿಕೊಂಡಿತ್ತು. ಆ ಒತ್ತಡಕ್ಕೆ ಹೊಸ ಗ್ಯಾಸ್ಕೆಟ್ಟೂ ಬಹಳ ದಿನ ಬಾಳುವುದಿಲ್ಲ. ಕೊಳವೆ ಬಿಚ್ಚಿ ತೊಳೆದರೆ ಮುಗಿಯುವ ಕೆಲಸ. ಅವನು ಬಾನೆಟ್ ಇಳಿಸಿ, ಕೈ ಒರೆಸಿಕೊಂಡು ಒಳಗೆ ಬಂದು ಕೂತ. ಯಾರಿಗೂ ಹೇಳಲಿಲ್ಲ.

ಆಮೇಲೆ ಕಾಯುವುದೇ ಕೆಲಸವಾಯಿತು. "ಮಾವನ ಗಾಡಿ ಹೇಗಿದೆಯಂತೆ?" ಎಂದು ಹೆಂಡತಿಯನ್ನು ಆಗಾಗ ಕೇಳುವನು. ಚೆನ್ನಾಗಿದೆಯಂತೆ ಎಂದರೆ ಮುಖ ಸಪ್ಪಗಾಗುವುದು.

"ಅದು ಚೆನ್ನಾಗಿದ್ರೆ ನಿಮಗೇನು ಕಷ್ಟ?" ಎಂದು ಅವಳು ಒಮ್ಮೆ ಕೇಳಿಯೇಬಿಟ್ಟಳು.

ಕೊನೆಗೊಂದು ಮಧ್ಯಾಹ್ನ ಪಿಕಪ್ ಹೊಗೆಯಾಡುತ್ತ ಬಂದು ಗ್ಯಾರೇಜಿನ ಮುಂದೆ ನಿಂತಿತು. ಷಡ್ಡಕ ಗಾಬರಿಯಿಂದ ಇಳಿದ. ಗ್ಯಾರೇಜಿನವನ ಎದೆ ಹಿಗ್ಗಿತು. ಅಷ್ಟರಲ್ಲಿ ಪಕ್ಕದ ಸೀಟಿನಿಂದ ನಾದಿನಿ ಬಾಯಿಗೆ ಬಟ್ಟೆ ಒತ್ತಿಕೊಂಡು, ಕೆಮ್ಮುತ್ತ ಇಳಿದಳು. ಹಿಗ್ಗಿದ ಎದೆ ಧಸಕ್ಕೆಂದಿತು. ನೆತ್ತಿಯ ಮುಚ್ಚಳದ ಗ್ಯಾಸ್ಕೆಟ್ ಕಿತ್ತುಹೋಗಿ ಸೋರಿದ ಎಣ್ಣೆ, ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಸುಡುತ್ತಿತ್ತು. ಇನ್ನಷ್ಟು ದೂರ ಓಡಿದ್ದರೆ ಬೆಂಕಿಯೇ ಹತ್ತಬಹುದಿತ್ತು.

"ಅಣ್ಣ, ನಾನೇನು ತಪ್ಪು ಮಾಡ್ದೆ? ನೀವೇ ನೋಡಿ" ಎಂದ ಷಡ್ಡಕ.

ಇಂಜಿನ್ ಆರಿದ ಮೇಲೆ ಗ್ಯಾರೇಜಿನವನು ಆವಿ ಹೊರಹೋಗುವ ಆ ಸಣ್ಣ ಕೊಳವೆ ಬಿಚ್ಚಿ ತೋರಿಸಿದ. ಒಳಗೆ ಕರಿ ಮಡ್ಡಿ ಗಟ್ಟಿಯಾಗಿ ಕೂತಿತ್ತು. "ನಿನ್ನ ಗ್ಯಾಸ್ಕೆಟ್ ತಪ್ಪಲ್ಲ. ಇದು ಕಟ್ಕೊಂಡಿದೆ. ಅವತ್ತೇ ನೋಡಿದ್ದೆ..." ಮಾತು ಬಾಯಿಂದ ಜಾರಿಬಿಟ್ಟಿತ್ತು.

"ನೋಡಿ ಸುಮ್ನಿದ್ರಾ, ಭಾವ?" ಎಂದಳು ನಾದಿನಿ.

ಅವನು ತಲೆ ತಗ್ಗಿಸಿ ಮಡ್ಡಿ ಕೆರೆಯತೊಡಗಿದ. ಅವಳು ನೀರು ಕುಡಿಯಲು ಆಚೆ ಹೋದ ಮೇಲೆ ಷಡ್ಡಕ ಮೆಲ್ಲಗೆ ಹೇಳಿದ: "ಮದುವೆ ಮಾತಾಡೋಕೆ ಬಂದ ದಿನದಿಂದ ಮಾವ ನಿಮ್ಮನ್ನ ಹೊಗಳೋದು ಕೇಳಿ ಕೇಳಿ ನನಗೂ ಸಾಕಾಗಿತ್ತು ಅಣ್ಣ. ನಿಮ್ಮನ್ನ ಒಂದ್ಸಲ ಮೀರಿಸ್ಬೇಕು ಅಂತಾನೇ ಆ ಗಾಡಿಗೆ ಕೈ ಹಾಕಿದ್ದು."

ಗ್ಯಾರೇಜಿನವನಿಗೆ ಸಿಟ್ಟೂ ಬಂತು, ನಗುವೂ ಬಂತು. "ಮೀರಿಸಿದ್ದಾಯ್ತಲ್ಲ, ಈಗ ಆ ಸ್ಪ್ಯಾನರ್ ಕೊಡು" ಎಂದ. ಇಬ್ಬರೂ ಸೇರಿ ಕೊಳವೆ ತೊಳೆದು, ಬೇರೆ ಗ್ಯಾಸ್ಕೆಟ್ ಹಾಕಿದರು.

ಗಾಡಿ ಆಮೇಲೆ ಸೋರಲಿಲ್ಲ. ಮುಂದಿನ ಸಲ ಎಲ್ಲರೂ ಸೇರಿದಾಗ ಮಾವ ಹೇಳಿದರು: "ಅಳಿಯಂದ್ರೇ, ನಮ್ಮ ಚಿಕ್ಕವನ ಬುದ್ಧಿ ನೋಡಿ. ಹಟ ಹಿಡೀದೆ ನೆಟ್ಟಗೆ ನಿಮ್ಮ ಹತ್ರಾನೇ ತಂದ!"

ಹೊಗಳಿಕೆ ಈ ಸಲವೂ ಅತ್ತಲೇ ಹೋಯಿತು. ಗ್ಯಾರೇಜಿನವನ ಹೊಟ್ಟೆಯಲ್ಲಿ ಮತ್ತೆ ಕಿಚ್ಚೆದ್ದಿತು. ಎದುರಿಗೆ ಕೂತ ನಾದಿನಿ ಅವನನ್ನೇ ನೋಡುತ್ತಿದ್ದಳು. ನಡೆದದ್ದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಹೌದು ಮಾವ, ತಂದಿದ್ದು ಒಳ್ಳೇದಾಯ್ತು" ಎಂದ. ಅಷ್ಟು ಹೇಳುವುದರಲ್ಲಿ ಅವನಿಗೆ ಸಾಕುಸಾಕಾಯಿತು.