ಎತ್ತದ ಕೈ

ನಾನು ಕೈ ಎತ್ತಲಿಲ್ಲ. ಎತ್ತಿದ್ದೆ ಎಂದು ಆರು ವರ್ಷ ಹೇಳಿಕೊಂಡು ಬಂದೆ — ರೇಣುಕಾಳ ಗಂಡನ ಮುಂದೆ, ನಮ್ಮ ಜೊತೆ ಸೈಕಲ್ ತುಳಿಯುತ್ತಿದ್ದವರ ಮುಂದೆ, ಕೊನೆಗೆ ಅವಳ ಮುಂದೆಯೇ. ಅದು ಸುಳ್ಳು. ಗಾಬರಿಯಲ್ಲಿ ಬಾಯಿತಪ್ಪಿ ಬಂದ ಮಾತೂ ಅಲ್ಲ. ರಸ್ತೆಯ ಮೇಲೆ ಜಲ್ಲಿ ಬಿದ್ದದ್ದನ್ನು ನಾನು ನೋಡಿದ್ದೆ. ಬೆನ್ನ ಹಿಂದೆಯೇ ಅವಳು ಇದ್ದಾಳೆಂಬುದೂ ಗೊತ್ತಿತ್ತು.

ನಾನು ಯರಗೇರಾ ಕಡೆಯ ಒಂದು ಹಳ್ಳಿಯಲ್ಲಿ ಶಾಲೆಯ ಟೀಚರ್. ಅಪ್ಪ ರಾಯಚೂರಿನಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡಿ ನನ್ನನ್ನು ಓದಿಸಿದ. ನಲವತ್ತರ ಹತ್ತಿರ ಬಂದಾಗ ಡಾಕ್ಟರರು ನಡೆಯಿರಿ ಎಂದರು. ನಾನು ಸೈಕಲ್ ಕೊಂಡೆ. ನಗರದಲ್ಲಿ ರವಿವಾರ ಬೆಳಿಗ್ಗೆ ಐದಾರು ಜನ ಸೇರಿ ದೂರ ತುಳಿಯುತ್ತಿದ್ದರು. ಮೆಡಿಕಲ್ ಅಂಗಡಿಯ ಖಾದರ್ ಭಾಯ್ ಅವರಿಗೆಲ್ಲ ಹಿರಿಯ. ಹೆಂಗಸೆಂದು ಅವರೊಳಗೆ ನಾನೊಬ್ಬಳೇ ಇದ್ದೆ, ಎರಡು ವರ್ಷ. ಆ ಒಬ್ಬಂಟಿತನದ ಮೇಲೆ ನನಗೆಷ್ಟು ಅಭಿಮಾನವಿತ್ತು ಎಂಬುದು ರೇಣುಕಾ ಬಂದ ಮೇಲೆ ತಿಳಿಯಿತು.

ಅವಳನ್ನು ಕರೆತಂದವಳೂ ನಾನೇ. ದೇವದುರ್ಗ ಕಡೆಯ ಕೂಲಿಯವರ ಮಗಳು. ಓದಿ ಸರ್ವೆಯರ್ ಆಗಿದ್ದಳು, ಮಾನ್ವಿಯಲ್ಲಿ ಕೆಲಸ, ಗಂಡ ಹನುಮಂತ ಬಸ್ ಡ್ರೈವರ್. ಹೊಲದ ಈ ಬದುವಿನ ಮೇಲೆ ನಿಂತು ಆ ಬದುವು ಎಷ್ಟು ದೂರವಿದೆ ಎಂದು ಕಣ್ಣಳತೆಯಲ್ಲೇ ಹೇಳಿಬಿಡುತ್ತಿದ್ದಳು. ಆಮೇಲೆ ಅಳೆದರೆ ಒಂದೆರಡು ಅಡಿ ಹೆಚ್ಚುಕಡಿಮೆ, ಅಷ್ಟೇ. ಹೊಲದ ಗಡಿಯ ಬಾಂದುಕಲ್ಲಿನ ಜಗಳ ಬಂದರೆ ರೈತರು 'ಆ ಮೇಡಂನೇ ಕಳಸ್ರಿ' ಎಂದು ಕಚೇರಿಯಲ್ಲಿ ಕೇಳುತ್ತಿದ್ದರಂತೆ.

ಸಾಲಿನಲ್ಲಿ ಹೇಗೆ ತುಳಿಯಬೇಕೆಂದು ಅವಳಿಗೆ ಕಲಿಸಿದ್ದು ನಾನು. ಹಿಂದಿದ್ದವರಿಗೆ ರಸ್ತೆ ಕಾಣುವುದಿಲ್ಲ. ಮುಂದಿನವರ ಬೆನ್ನು, ಅವರ ಸೈಕಲ್ಲಿನ ಹಿಂದಿನ ಗಾಲಿ, ಇಷ್ಟೇ. ಆದ್ದರಿಂದ ತಗ್ಗು ಬಂದರೆ, ಕಲ್ಲು ಬಂದರೆ, ಮುಂದಿದ್ದವರು ಕೈ ಎತ್ತಬೇಕು. 'ನನ್ನ ಕೈನೇ ನಿನ್ನ ಕಣ್ಣು ಅಂತ ತಿಳಕೋ' ಎಂದು ಹೇಳಿಕೊಟ್ಟಿದ್ದೆ. ಅವಳು ಹಾಗೆಯೇ ತಿಳಿದುಕೊಂಡಳು.

ಒಂದೇ ವರ್ಷದಲ್ಲಿ ಅವಳು ನನಗಿಂತ ಚೆನ್ನಾಗಿ ತುಳಿಯತೊಡಗಿದಳು. ಏರಿನಲ್ಲಿ ನಾನು ಏದುಸಿರು ಬಿಡುವಾಗ ಪಕ್ಕದಲ್ಲಿ ಬಂದು ಮಾತಾಡುತ್ತಿದ್ದಳು — ನನ್ನನ್ನು ಬಿಟ್ಟು ಮುಂದೆ ಹೋಗಬಾರದೆಂದು. ಅದು ಅವಳ ಒಳ್ಳೆಯತನ. ನನಗೆ ಮಾತ್ರ ಅದು...

ಆ ವರ್ಷ ನಾವು ದೊಡ್ಡದೊಂದು ದಾರಿ ಹಾಕಿಕೊಂಡೆವು. ರಾಯಚೂರಿನಿಂದ ಗಬ್ಬೂರು, ದೇವದುರ್ಗ. ಅಲ್ಲಿಂದ ಗುಡ್ಡ ಹತ್ತಿ ಕೃಷ್ಣೆಯ ದಂಡೆಗೆ ಇಳಿದು, ತಿರುಗಿ ಸಿರವಾರ, ಮಾನ್ವಿ, ನೀರಮಾನ್ವಿ ಮೇಲೆ ಊರಿಗೆ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ನೀರು ಸಿಗುತ್ತದೆ ಎಂದು ನಕಾಶೆ ಬರೆದವಳು ರೇಣುಕಾ. ದೇವದುರ್ಗದಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಚಹಾ ಕುಡಿಯುವಾಗ ಖಾದರ್ ಭಾಯ್ ನಗುತ್ತಾ ಹೇಳಿದರು:

"ಟೀಚರ್, ಇಲ್ಲಿಂದ ರೇಣುಕಾ ಮೇಡಂ ಮುಂದ ಇರ್ಲಿ. ನೀವು ಆರಾಮ ಹಿಂದ ಬರ್ರಿ, ನಮ್ಮ ಜೊತಿ."

ಎಲ್ಲರೂ ನಕ್ಕರು. ಕೆಟ್ಟ ಮಾತೇನಲ್ಲ. ರೇಣುಕಾ ನಗಲಿಲ್ಲ, ನನ್ನ ಮುಖ ನೋಡಿ, "ಇಲ್ರೀ ಭಾಯ್, ಅಕ್ಕನೇ ಮುಂದ. ನಾ ಆಕಿ ಗಾಲಿ ಹಿಂದ," ಎಂದಳು. ಅವಳು ಬಿಟ್ಟುಕೊಟ್ಟಳಲ್ಲ — ಅದೇ ನನ್ನ ಮೈ ಉರಿಸಿತು.

ಗುಡ್ಡದ ಏರಿನಲ್ಲಿ ಉಳಿದವರು ಬಹಳ ಹಿಂದೆ ಬಿದ್ದರು. ಇಳಿಜಾರು ಶುರುವಾದಾಗ ನಾವಿಬ್ಬರೇ. ಕೆಳಗೆ ಹತ್ತಿಯ ಹೊಲಗಳು, ಅದರಾಚೆ ನದಿಯ ಬಿಳಿ ಗೆರೆ. ನಾನು ಪೂರ್ತಿ ವೇಗ ಬಿಟ್ಟೆ. ಅವಳು ನನ್ನ ಗಾಲಿಗೆ ಅಂಟಿಕೊಂಡೇ ಬಂದಳು. ಅವಳ ಚೈನಿನ ಸದ್ದು ಕೇಳುತ್ತಿತ್ತು.

ತಿರುವಿನಲ್ಲಿ ಜಲ್ಲಿ ಕಂಡಿತು. ಯಾವುದೋ ಟಿಪ್ಪರಿನಿಂದ ಚೆಲ್ಲಿದ್ದಿರಬೇಕು. ರಸ್ತೆಯ ಮುಕ್ಕಾಲು ಭಾಗ ಹರಡಿತ್ತು, ಎಡಕ್ಕೆ ಒಂದು ಗೇಣು ಜಾಗ ಖಾಲಿ. ಕೈ ಎತ್ತಬೇಕು ಎಂದು ನನಗೆ ಹೊಳೆಯಿತು. ಹೊಳೆದದ್ದು ನಿಜ, ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಅದರ ಬೆನ್ನಿಗೇ ಇನ್ನೊಂದು ಮಾತು ಹೊಳೆಯಿತು — ಒಂದು ಸಲ ತಡವರಿಸಲಿ. ಬೀಳಲಿ ಎಂದುಕೊಳ್ಳಲಿಲ್ಲ. ತಡವರಿಸಲಿ, ಹೆದರಲಿ, ಮುಂದೆ ತುಳಿಯುವುದೆಂದರೆ ಏನೆಂದು ತಿಳಿಯಲಿ... ನಾನು ಆ ಗೇಣು ಜಾಗದಲ್ಲಿ ನುಸುಳಿ ಪಾರಾದೆ.

ಹಿಂದೆ ಸದ್ದಾಯಿತು. ಆ ಸದ್ದನ್ನು ಬರೆಯಲಾರೆ.

ರೇಣುಕಾಳ ತೊಡೆಯ ಎಲುಬು, ಸೊಂಟದ ಎಲುಬು ಮುರಿದಿದ್ದವು. ಟಂಟಂ ಆಟೋ ಒಂದರಲ್ಲಿ ಮಲಗಿಸಿಕೊಂಡು ದೇವದುರ್ಗಕ್ಕೆ, ಅಲ್ಲಿಂದ ರಾಯಚೂರಿಗೆ. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. "ಅಕ್ಕಾ, ನೀ ಬಿದ್ದಿಲ್ಲಲ್ಲಾ?" ಎಂದು ಎರಡು ಸಲ ಕೇಳಿದಳು.

ಆಸ್ಪತ್ರೆಯಲ್ಲಿ ಹನುಮಂತ ಡ್ಯೂಟಿಯ ಖಾಕಿಯಲ್ಲೇ ಓಡಿ ಬಂದ. "ಅಕ್ಕಾರ, ನೀವು ಮುಂದಿದ್ರಲ್ರೀ. ಹೆಂಗಾತ್ರಿ?"

ಒಂದು ಉಸಿರಿನಷ್ಟು ಹೊತ್ತು ಸತ್ಯ ಹೇಳುವ ಅವಕಾಶವಿತ್ತು.

"ನಾ ಕೈ ಎತ್ತಿದ್ದೆ," ಎಂದೆ. "ಆಕಿ ನೋಡಲಿಲ್ಲ ಅನಸ್ತದ."

ಇಷ್ಟೇ. ಜಲ್ಲಿಯ ಮೇಲೆ ತಪ್ಪು ಹಾಕಿ ಸುಮ್ಮನಿರಬಹುದಿತ್ತು. ನಾನು ಅವಳ ಮೇಲೆ ಹಾಕಿದೆ.

ಹದಿನೈದು ದಿನದ ಮೇಲೆ ಅವಳೇ ಕೇಳಿದಳು. "ನನಗ ಕೈ ಕಂಡದ್ದು ನೆನಪೇ ಇಲ್ಲ ಅಕ್ಕಾ. ಖರೇನೇ ಎತ್ತಿದ್ದಿಯೇನು?"

"ಎತ್ತಿದ್ದೆ ರೇಣುಕಾ."

"ಹಂಗಾದ್ರ ನನ್ನ ಕಣ್ಣು ಎಲ್ಲಿದ್ವೋ ಏನೋ," ಎಂದಳು.

ಎರಡು ಆಪರೇಷನ್ ಆದವು. ಬಲಗಾಲು ಗಿಡ್ಡವಾಯಿತು, ಕೋಲು ಬಂತು. ಹೆಣ್ಣಾಗಿ ಸೈಕಲ್ ಹತ್ತಿದ್ದಕ್ಕೆ ಹೀಗಾಯಿತೆಂದು ಅತ್ತೆ ಅಂದಳು, ಓಣಿಯೂ ಅಂದಿತು. ಕೋಲು ಹಿಡಿದೇ ಅವಳು ಮತ್ತೆ ಹೊಲಗಳಿಗೆ ಹೋದಳು, ಕೆಲವು ತಿಂಗಳು. ಆದರೆ ಒಂದೇ ಬದುವನ್ನು ಮೂರು ಮೂರು ಸಲ ಅಳೆಯತೊಡಗಿದಳಂತೆ. ಬರೆದದ್ದನ್ನು ಹೊಡೆದು ಮತ್ತೆ ಬರೆಯುತ್ತಿದ್ದಳಂತೆ. ಕೊನೆಗೆ ತಾನೇ ಅರ್ಜಿ ಕೊಟ್ಟು ಹಳೆಯ ಕಾಗದಗಳ ಕೋಣೆಗೆ ಹೋಗಿ ಕುಳಿತಳು. ಕಾಲಿನ ಸಲುವಾಗಿ ಎಂದು ಎಲ್ಲರೂ ತಿಳಿದರು. ನನ್ನೊಬ್ಬಳ ಮುಂದೆ ಹೇಳಿದಳು:

"ಕಾಲಿಗೆ ಕೋಲದ ಅಕ್ಕಾ. ಕಣ್ಣಿಗೆ ಏನ್ ಹಿಡೀಲಿ?"

ಆಗಲೂ ನಾನು ಸುಮ್ಮನಿದ್ದೆ. ತಿಂಗಳಿಗೊಮ್ಮೆ ಹಣ್ಣು ಹಿಡಿದು ಮಾನ್ವಿಗೆ ಹೋಗುತ್ತಿದ್ದೆ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎಂದು ಆ ಮನೆಯವರು ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನೂ ತೆಗೆದುಕೊಂಡೆ.

ಹೋದ ತಿಂಗಳು ಹೋದಾಗ ಅವಳ ಮಗಳು ಅನಿತಾ ಬಾಗಿಲಲ್ಲೇ ನನ್ನ ಕೈ ಹಿಡಿದಳು. ಒಂಬತ್ತನೆಯ ತರಗತಿ. ಗೆಳತಿಯರೆಲ್ಲ ಶಾಲೆಗೆ ಸೈಕಲ್ ಮೇಲೆ ಹೋಗುತ್ತಾರೆ, ಇವಳಿಗೆ ಅವ್ವ ಮುಟ್ಟಗೊಡುವುದಿಲ್ಲ. "ಟೀಚರ್, ಡಾಕ್ಟರ್ ಕಡೆ ಎರಡು ಸಲ ಕರಕೊಂಡು ಹೋಗ್ಯಾಳ್ರೀ. ನನ್ನ ಕಣ್ಣು ಚಲೋ ಅದಾವ ಅಂದಾರ. ನೀವರ ಹೇಳ್ರೀ ಆಕಿಗೆ."

ಒಳಗಿನಿಂದ ರೇಣುಕಾ ಅಂದಳು: "ಆಕಿಗೆ ನನ್ನ ಕಣ್ಣೇ ಬಂದಾವ ಅಕ್ಕಾ. ಡಾಕ್ಟರ್‌ಗೆ ಏನ್ ಗೊತ್ತು? ನನಗೂ ಚಲೋ ಅದಾವ ಅಂದಿದ್ರು."

ಹುಡುಗಿಯನ್ನು ಹೊರಗೆ ಕಳಿಸಿ, ನಿಂತುಕೊಂಡೇ ಹೇಳಿದೆ. ಕೈ ಎತ್ತಲಿಲ್ಲ ಎಂದೆ. ಯಾಕೆ ಎಂದೂ ಹೇಳಿದೆ.

ಅವಳು ಅಳಲಿಲ್ಲ, ಬೈಯಲಿಲ್ಲ. "ಜಲ್ಲಿ ನಿನಗ ಎಷ್ಟು ದೂರದಿಂದ ಕಾಣಿಸ್ತು?" ಎಂದು ಕೇಳಿದಳು.

"ಇಪ್ಪತ್ತು... ಇಪ್ಪತ್ತೈದು ಮೀಟರ್ ಇರಬೇಕು."

ಬಾಯಲ್ಲೇ ಏನೋ ಲೆಕ್ಕ ಹಾಕಿದಳು. "ಅಂದ್ರ ಎರಡು ಸೆಕೆಂಡ್ ಇತ್ತು."

"ಇತ್ತು."

"ಕಾಲಿನ ಮಾತು ಬಿಡು," ಎಂದಳು. "ಆರು ವರ್ಷ ನನ್ನ ಕಣ್ಣು ಕಸಗೊಂಡು ಕುಂತಿದ್ದಿ ನೀ. ಪ್ರತಿ ತಿಂಗಳು ಬಂದು ನೋಡಿಕೊಂಡು ಹೋಗ್ತಿದ್ದಿ." ಮೇಜಿನ ಮೇಲಿದ್ದ ಹಾಳೆ, ಪೆನ್ನು ನನ್ನ ಕಡೆ ಸರಿಸಿದಳು. "ಬಾಯಿಮಾತು ಬ್ಯಾಡ. ಬರದು ಕೊಡು."

ಬರೆದೆ. ಅವಳು ಓದಿ ಒಂದು ಕಡೆ ಬೆರಳಿಟ್ಟಳು. ಕೈ ಎತ್ತಲು ಆಗಲಿಲ್ಲ ಎಂದು ಬರೆದಿದ್ದೆ — ಅಷ್ಟಾದ ಮೇಲೂ. "ಆಗಲಿಲ್ಲ ಅಲ್ಲ. ಎತ್ತಲಿಲ್ಲ." ತಿದ್ದಿ ಸಹಿ ಹಾಕಿದೆ.

ಅಷ್ಟರಲ್ಲಿ ಹನುಮಂತ ಬಂದ. ನಾನು ಬಂದಿದ್ದೇನೆಂದು ಮಗಳು ಹೇಳಿರಬೇಕು, ಕೈಯಲ್ಲಿ ಬಜಿಯ ಪೊಟ್ಟಣವಿತ್ತು. "ಓದು," ಎಂದು ರೇಣುಕಾ ಹಾಳೆ ಕೊಟ್ಟಳು. ಅವನು ಎರಡು ಸಲ ಓದಿದ. ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು, ನನ್ನ ಕಡೆ ನೋಡದೆ ಹಿತ್ತಲಿಗೆ ಹೋದ. ನಲ್ಲಿಯ ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ.

"ಇನ್ನ ನಮ್ಮ ಮನಿಗೆ ಬರಬ್ಯಾಡ," ಎಂದಳು ರೇಣುಕಾ. ಅಕ್ಕಾ ಎನ್ನಲಿಲ್ಲ. "ಮಂದಿಗೂ ಹೇಳು. ಹೇಳಿದ್ದು ನನಗ ಗೊತ್ತಾಗಬೇಕು."

ಅದಕ್ಕೇ ಇದನ್ನು ಬರೆದಿದ್ದೇನೆ. ಬರುವ ರವಿವಾರ ಖಾದರ್ ಭಾಯ್ ಮತ್ತು ಉಳಿದವರು ಹೊರಡುವ ಮುಂಚೆ ಅವರೆಲ್ಲರ ಎದುರು ಓದುತ್ತೇನೆ. ಓದಿದ ಮೇಲೆ ಅವರು ಏನು ಅಂದರೂ ಕೇಳಿಸಿಕೊಂಡು ಮನೆಗೆ ಬರುತ್ತೇನೆ. ಅನಿತಾ ಸೈಕಲ್ ಹತ್ತಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ.