ನಾನು ನೋಡದ ಕಪ್ಪು ಹಕ್ಕಳೆ

ಕೋವಿಡ್‌ನ ಗದ್ದಲ ಅಡಗಿದ ಮೇಲಿನ ಎರಡನೆಯ ಮಳೆಗಾಲ ಅದು, ಇನ್ನೇನು ಮುಗಿಯುತ್ತಿತ್ತು. ನಾನು ಕಮಲಾಪುರದಲ್ಲಿ ನನ್ನದೇ ಒಂದು ಸಣ್ಣ ದವಾಖಾನೆ ನಡೆಸುತ್ತಿದ್ದೆ. ಮನೆ ಕಲಬುರಗಿಯ ಶಹಾಬಜಾರದಲ್ಲಿ; ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮರಳುತ್ತಿದ್ದೆ. ವೈದ್ಯೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ರೋಗಿ ಬಾಗಿಲಲ್ಲಿ ಕಾಲಿಡುವಾಗಲೇ ಇದು ಡೆಂಗಿ, ಇದು ಟೈಫಾಯ್ಡ್ ಎಂದು ಊಹಿಸಬಲ್ಲೆ ಎಂಬ ನಂಬಿಕೆಯಿತ್ತು.

ಮಹಾಗಾಂವದ ಶರಣಮ್ಮನನ್ನು ಅವಳ ಅತ್ತೆ ನಾಗಮ್ಮ ಕರೆತಂದರು. ಶರಣಮ್ಮನಿಗೆ ಮೂವತ್ತೆರಡು ವರ್ಷ. ಐದು ದಿನದಿಂದ ಜ್ವರ, ವಿಪರೀತ ತಲೆನೋವು.

"ಎಮ್ಮಿಗೆ ಹುಲ್ಲು ಕೊಯ್ಲಿಕ್ಕ ಬದುವಿಗೆ ಹೋಗಿದ್ಲ್ರೀ. ಬಂದು ಮಲಗಿದಾಕಿ ಎದ್ದೇ ಇಲ್ಲ," ಎಂದರು ನಾಗಮ್ಮ.

ರಕ್ತಪರೀಕ್ಷೆಯಲ್ಲಿ ಮಲೇರಿಯಾ, ಡೆಂಗಿ ಇರಲಿಲ್ಲ. ವಿಡಾಲ್ ಪರೀಕ್ಷೆ ಟೈಫಾಯ್ಡ್ ಕಡೆಗೆ ಸ್ವಲ್ಪ ವಾಲಿತ್ತು. ಅಷ್ಟು ಸಾಕೆಂದುಕೊಂಡು ಟೈಫಾಯ್ಡ್‌ನ ಔಷಧ ಬರೆದೆ. ನಾಡಿ ಹಿಡಿದಿದ್ದೆ, ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದೆ, ನಾಲಿಗೆ ನೋಡಿದ್ದೆ. ಪರದೆಯ ಹಿಂದೆ ಮಲಗಿಸಿ ಮೈಯನ್ನು ನೋಡಿರಲಿಲ್ಲ.

ಮೂರನೆಯ ದಿನ ಅವಳು ಮತ್ತೆ ಬಂದಾಗ ಏದುಸಿರು ಬಿಡುತ್ತಿದ್ದಳು, ಕಣ್ಣು ಹಳದಿಯಾಗಿತ್ತು. ಕೂಡಲೇ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಮರುದಿನ ಮಧ್ಯಾಹ್ನ ಅಲ್ಲಿನ ವೈದ್ಯರು ಫೋನ್ ಮಾಡಿದರು.

"ಸ್ಕ್ರಬ್ ಟೈಫಸ್ ಮೇಡಂ. ತೊಡೆಸಂದಿಯಲ್ಲಿ ಎಸ್ಕಾರ್ ಇತ್ತು. ಡಾಕ್ಸಿಸೈಕ್ಲಿನ್ ಕೊಟ್ವಿ, ಆದ್ರ ಭಾಳ ತಡ ಆಗಿತ್ತು. ಒಂದು ತಾಸಿನ ಹಿಂದ ಹೋದ್ರು."

ಹುಲ್ಲು, ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿದರೆ ಈ ಜ್ವರ ಬರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಎಷ್ಟೋ ರೋಗಿಗಳಲ್ಲಿ ಆ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಕಟ್ಟುತ್ತದೆ. ಅದೇ ಎಸ್ಕಾರ್. ನೋಯುವುದಿಲ್ಲ, ಹೆಚ್ಚಾಗಿ ಕಂಕುಳು, ತೊಡೆಸಂದಿಯಂಥ ಮರೆಯಲ್ಲಿರುತ್ತದೆ. ರೋಗಿ ತಾನಾಗಿ ತೋರಿಸುವುದಿಲ್ಲ. ಟೈಫಾಯ್ಡ್‌ಗೆ ನಾನು ಕೊಟ್ಟ ಔಷಧ ಇದಕ್ಕೆ ನಾಟುವುದಿಲ್ಲ. ಇದೆಲ್ಲ ಓದಿನ ದಿನಗಳಿಂದ ನನಗೆ ಗೊತ್ತಿದ್ದದ್ದೇ.

ಫೋನ್ ಇಟ್ಟು ಮುಂದಿನ ರೋಗಿಯನ್ನು ಕರೆದೆ. ಸಂಜೆಯವರೆಗೂ ನೋಡಿದೆ. ಮನೆಗೆ ಬಂದು ಅಡುಗೆ ಮಾಡಿದೆ, ಉಂಡೆ. ಸಾರಿಗೆ ಉಪ್ಪೇ ಹಾಕಿಲ್ಲ ಎಂದು ಗಂಡ ಹೇಳುವ ಹೊತ್ತಿಗೆ ನನ್ನ ಊಟ ಮುಗಿದಿತ್ತು. ಅಳು ಬರಲಿಲ್ಲ. ಬರಬೇಕು ಎಂದು ಒಂದೆರಡು ದಿನ ಕಾದೆ.

ಎಂಟು ದಿನದ ಮೇಲೆ ನಾಗಮ್ಮ ಮತ್ತೆ ಬಂದರು. ಈ ಸಲ ಜೊತೆಗಿದ್ದವಳು ಕಿರಿಯ ಸೊಸೆ ಮಹಾದೇವಿ.

"ಈಕಿಗೂ ಜ್ವರ ಬರಾಕತ್ತಾವ್ರೀ. ಇಬ್ರೂ ಕೂಡೇ ಹುಲ್ಲಿಗೆ ಹೋಗ್ತಿದ್ರು."

ನನ್ನ ಬಳಿಯೇ ಏಕೆ ಬಂದರೆಂದು ಕೇಳುವ ಧೈರ್ಯ ಆಗಲಿಲ್ಲ. ಮಹಾದೇವಿಯನ್ನು ಪರದೆಯ ಹಿಂದೆ ಮಲಗಿಸಿ ನೆತ್ತಿಯಿಂದ ಪಾದದವರೆಗೆ ನೋಡಿದೆ. ಬಲ ಕಂಕುಳಲ್ಲಿ ಹುಣಸೆಬೀಜಕ್ಕಿಂತ ಸಣ್ಣದಾದ ಕಪ್ಪು ಹಕ್ಕಳೆ ಇತ್ತು. ಆಗಲೇ ಡಾಕ್ಸಿಸೈಕ್ಲಿನ್‌ನ ಮೊದಲ ಗುಳಿಗೆ ನುಂಗಿಸಿದೆ.

ನಾಗಮ್ಮ ಪರದೆಯ ಅಂಚು ಹಿಡಿದು ನಿಂತಿದ್ದರು. "ಶರಣಮ್ಮಗೂ ಇದೇ ಇತ್ತೇನ್ರೀ?"

"ಹೌದು."

"ಅವತ್ತು ಆಕಿನ್ನ ನೀವು ಹಿಂಗ ನೋಡಿದ್ದಿಲ್ಲಲ್ರೀ."

ಹೇಳಲು ನೆಪಗಳಿದ್ದವು. ಪರೀಕ್ಷೆಯ ಚೀಟಿ ಬೇರೆಯೇ ಹೇಳಿತ್ತು, ಈ ರೋಗ ನಮ್ಮಲ್ಲಿ ಅಪರೂಪ. "ಇಲ್ಲವ್ವ. ನೋಡಬೇಕಾಗಿತ್ತು, ನೋಡ್ಲಿಲ್ಲ," ಎಂದೆ.

ಆಕೆ ಬಂದು ಸೊಸೆಯ ಕೈಬಳೆ ಸರಿಮಾಡಿದರು. ಆಮೇಲೆ, "ಈಕಿನ್ನರ ಉಳಸ್ರಿ," ಎಂದರು.

ಅವಳನ್ನು ದವಾಖಾನೆಯಲ್ಲೇ ಇರಿಸಿಕೊಂಡೆ. ಎರಡನೆಯ ದಿನ ಜ್ವರ ಇಳಿಯಿತು. ಮೂರನೆಯ ದಿನ ಎದ್ದು ಕೂತು ರೊಟ್ಟಿ ಕೇಳಿದಳು. ನಾನು ತಲೆಯಾಡಿಸಿ ಕೇಸ್‌ಶೀಟಿನಲ್ಲಿ ಬರೆದೆ. ಸಂತೋಷ ಆಗಬೇಕಾಗಿತ್ತು.

ಮುಂದಿನ ವಾರ ಶರಣಮ್ಮನ ಗಂಡ ಬಸವರಾಜ ಒಬ್ಬನೇ ಬಂದ. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ಅವ್ವ ಹೇಳ್ಯಾಳ. ಖರೆ ಏನ್ರೀ?"

"ಖರೆ."

ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಬೈದಿದ್ದರೆ ನನಗೆ ಏನಾದರೂ ಅನ್ನಿಸುತ್ತಿತ್ತೇನೋ. ಆ ಮನೆಯವರು ಆಮೇಲೆ ಯಾರೂ ಬರಲಿಲ್ಲ.

ಮಹಾದೇವಿ ಉಳಿದಳೆಂದು ಗೆಳತಿಯರು ಸಮಾಧಾನ ಹೇಳುತ್ತಾರೆ. ಒಬ್ಬಳ ಲೆಕ್ಕಕ್ಕೆ ಇನ್ನೊಬ್ಬಳು ಆಗುವುದಿಲ್ಲ. ಈಗ ಜ್ವರದವರು ಯಾರೇ ಬಂದರೂ ಪರೀಕ್ಷೆಯ ಚೀಟಿ ಬರೆಯುವ ಮೊದಲು ಪರದೆ ಎಳೆದು ಇಡೀ ಮೈ ನೋಡುತ್ತೇನೆ. ಕಮಲಾಪುರಕ್ಕೆ ಹೊಸದಾಗಿ ಬರುವ ವೈದ್ಯರಿಗೂ ಅದನ್ನೇ ಹೇಳುತ್ತೇನೆ. ಅದಕ್ಕೆ ನಾಲ್ಕು ನಿಮಿಷ ಸಾಕು. ಶರಣಮ್ಮ ಬಂದ ದಿನ ರೋಗಿಗಳು ಕಾಯುವ ಹೊರಗಿನ ಬೆಂಚು ಖಾಲಿಯಿತ್ತು.