ಎಂಜಿನ್ನಿಗೆ ಹತ್ತಿದ ಹಾಲುತೊಂಡೆ

ಗುಡೇಮಾರನಹಳ್ಳಿಯ ಗಂಗಹನುಮಯ್ಯನವರಿಗೆ ಕಾರು ಓಡಿಸುವುದು ಅಂಥ ಮುಖ್ಯವಾದ ವಿಷಯವಾಗಿರಲಿಲ್ಲ. ಕಾರು ಸ್ಟಾರ್ಟ್ ಆಗುವುದು ಮುಖ್ಯ. ಬೆಳಗ್ಗೆ ಸ್ನಾನ ಮುಗಿಸಿ, ದೇವರಿಗೆ ಊದುಬತ್ತಿ ಬೆಳಗಿ, ಮಿಕ್ಕ ಒಂದು ಕಡ್ಡಿಯನ್ನು ಹಾಗೇ ಹಿಡಿದುಕೊಂಡು ಹಿತ್ತಿಲಿಗೆ ಹೋಗುತ್ತಿದ್ದರು. ಅಲ್ಲಿ ಹಳೆಯ ಹುಳು ಮನೆ. ರೇಷ್ಮೆ ಹುಳು ಸಾಕುವುದನ್ನು ಬಿಟ್ಟ ಮೇಲೆ ಆ ತಂಪು ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ವಯಸ್ಸಿನ ಒಂದು ಸಣ್ಣ ಬಿಳಿ ಕಾರು ವಾಸವಾಗಿತ್ತು. ಸ್ಟಿಯರಿಂಗಿನ ಮುಂದಿದ್ದ ಪುಟ್ಟ ಆಂಜನೇಯನಿಗೆ ಹೊಗೆ ತೋರಿಸಿ, ಕೀ ತಿರುಗಿಸಿ, ಕೈಗಡಿಯಾರ ನೋಡುತ್ತಾ ಸರಿಯಾಗಿ ಎರಡು ನಿಮಿಷ ಎಂಜಿನ್ನನ್ನು ನಿಂತಲ್ಲೇ ಓಡಿಸಿ, ಆಫ್ ಮಾಡಿ, ಒಳಗೆ ಬಂದು ಇವತ್ತೂ ಸ್ಟಾರ್ಟ್ ಆಯಿತು ಎಂದು ಹೆಂಡತಿಗೆ ವರದಿ ಒಪ್ಪಿಸಿದರೆ ಆ ದಿನದ ಭಯ ಅಲ್ಲಿಗೆ ಮುಗಿಯಿತು. ಮರುದಿನದ ಭಯ ಮರುದಿನ ಬೆಳಗ್ಗೆ ಏಳು ಗಂಟೆಗೆ ಶುರು.

ಭಯಕ್ಕೆ ಕಾರಣವಿತ್ತು. ಮಗಳು ನಯನಾ ಹೆರಿಗೆಗೆ ತವರಿಗೆ ಬಂದಿದ್ದಳು. ಅಳಿಯ ಸಿದ್ಧಾರ್ಥನಿಗೆ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ. ಎಂಟು ತಿಂಗಳು ತುಂಬಿದರೂ ಮಗು ತಲೆ ಮೇಲೆ, ಕಾಲು ಕೆಳಗೆ ಮಾಡಿಕೊಂಡು ಜಮೀನ್ದಾರರಂತೆ ಕೂತುಬಿಟ್ಟಿತ್ತು. ನೀರು ಒಡೆದರೆ ನೋವಿಗೆ ಕಾಯಬೇಡಿ, ತಕ್ಷಣ ಕರೆತನ್ನಿ ಎಂದು ರಾಮನಗರದ ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು. ಮನೆಯಿಂದ ಮಾಗಡಿ, ಮಾಗಡಿಯಿಂದ ರಾಮನಗರ. ದಾರಿ ಚೆನ್ನಾಗಿಯೇ ಇದೆ. ಆದರೆ ಗಂಗಹನುಮಯ್ಯನವರು ದಾರಿಯನ್ನು ನಂಬುವವರಲ್ಲ. ತೊಂಬತ್ಮೂರರ ಆಷಾಢದಲ್ಲಿ ಹೆಂಡತಿ ಯಲ್ಲಮ್ಮನವರನ್ನು ಚೊಚ್ಚಲ ಹೆರಿಗೆಗೆ ಕರೆದೊಯ್ಯುತ್ತಿದ್ದ ಬಾಡಿಗೆ ಜೀಪು ಕೆರೆ ಏರಿಯ ಮೇಲೆ ನಿಂತುಹೋಯಿತು. ಡ್ರೈವರು ಬಾನೆಟ್ ಎತ್ತಿ ಒಳಗೆ ಇಣುಕುತ್ತಲೇ ಇದ್ದ. ಆಸ್ಪತ್ರೆ ಸೇರುವ ಹೊತ್ತಿಗೆ ಮಗು ಉಳಿಯಲಿಲ್ಲ. ಹಾಗೊಬ್ಬ ಅಣ್ಣ ಇದ್ದದ್ದು ನಯನಾಗೆ ಇವತ್ತಿಗೂ ಗೊತ್ತಿಲ್ಲ. ಗಂಡ ಹೆಂಡತಿ ಅದನ್ನು ತಮ್ಮತಮ್ಮಲ್ಲೂ ಆಡಿಕೊಂಡವರಲ್ಲ. ನಿವೃತ್ತರಾದ ವರ್ಷವೇ ಚನ್ನಪಟ್ಟಣದ ಒಬ್ಬ ಮೇಷ್ಟ್ರಿಂದ ಈ ಕಾರು ಕೊಂಡರು, ಅಷ್ಟೆ. ಅದರಲ್ಲಿ ಅವರು ಹೋಗುತ್ತಿದ್ದ ಅತಿ ದೂರದ ಊರೆಂದರೆ ಪಕ್ಕದೂರು. ಅಲ್ಲಿಗೂ ತಿಂಗಳಿಗೊಮ್ಮೆ, ಬಾಳೆಹಣ್ಣಿಗೆ.

ಆವತ್ತು ಗುರುವಾರ, ಮೂರು ದಿನದಿಂದ ಜಿಟಿಜಿಟಿ ಮಳೆ. ಹೆರಿಗೆಗೆ ಮೊದಲು ಎಲ್ಲ ಸರಿ ಇರಲಿ ಎಂದು ಗಂಗಹನುಮಯ್ಯನವರು ಬಾನೆಟ್ ಎತ್ತಿ, ಎಂಜಿನ್ ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿದರು. ತೆಗೆದ ಮುಚ್ಚಳವನ್ನು ಕೈಯಲ್ಲಿ ಹಿಡಿದು ನಿಂತೇಬಿಟ್ಟರು. ಒಳಭಾಗಕ್ಕೆ ಬಿಳಿಹಳದಿ ಬಣ್ಣದ ಏನೋ ಮೆತ್ತಿಕೊಂಡಿತ್ತು. ಕರು ಹಾಕಿದ ಹಸುವಿನ ಗಿಣ್ಣು ಕಾಸಿ ಬಳಿದಂತೆ. ಬೆರಳಿಗೆ ತೆಗೆದು ಉಜ್ಜಿದರೆ ಜಿಗುಟು, ಮೂಸಿದರೆ ಎಣ್ಣೆ, ನಡುವೆ ನೀರಿನ ಹನಿ. ಹೆಸರಿನಲ್ಲೇ ಗಂಗೆಯನ್ನು ಇಟ್ಟುಕೊಂಡವರ ಎಂಜಿನ್ನಿಗೂ ಗಂಗೆ ಇಳಿದಿದ್ದಳು.

ಅವರು ಮೊದಲು ಮಾಡಿದ ತಪ್ಪೆಂದರೆ ಕೆಂಪಯ್ಯನಿಗೆ ಫೋನ್ ಮಾಡಿದ್ದು. ಕೆಂಪಯ್ಯ ಜೊತೆಗೆ ಓದಿದವನು, ಮೂವತ್ತು ವರ್ಷ ಬಸ್ಸು ಓಡಿಸಿದವನು. ಯಾರು ಯಾವ ಕಾಯಿಲೆ ಹೇಳಿಕೊಂಡರೂ ಅದರಿಂದ ಸತ್ತ ಇಬ್ಬರ ಹೆಸರು ಅವನ ಬಳಿ ಸಿದ್ಧವಿರುತ್ತಿತ್ತು. ಎಂಜಿನ್ ವಿಷಯದಲ್ಲೂ ಹಾಗೇ.

“ಹೆಡ್ ಗ್ಯಾಸ್ಕೆಟ್ ಹೋಗೈತೆ ಕಣ್ಲಾ ಹನುಮಾ,” ಎಂದ ಕೆಂಪಯ್ಯ. “ರೇಡಿಯೇಟರ್ ನೀರು ಎಣ್ಣೆಗೆ ಇಳ್ದೈತೆ. ಹಿಂಗೇ ಹೊಂಟ್ರೆ ದಾರೀಲೆ ಕಚ್ಕಂಡು ನಿಂತ್ಕತೈತೆ, ಆಮ್ಯಾಕೆ ಆ ದೇವ್ರೇ ತಳ್ಳುದ್ರೂ ಹೋಗಾಕಿಲ್ಲ.”

ಗ್ಯಾಸ್ಕೆಟ್ ಹೋಗಿತ್ತೋ ಇಲ್ಲವೋ, ಗಂಗಹನುಮಯ್ಯನವರ ಹೆಡ್ ಅಂತೂ ಆ ಕ್ಷಣವೇ ಹೋಯಿತು. ದಾರಿಯಲ್ಲಿ ನಿಲ್ಲುತ್ತದೆ ಎಂಬ ಮಾತು ಕಿವಿಯಿಂದ ಇಳಿದು ಹೊಟ್ಟೆಯಲ್ಲಿ ಕೂತಿತು. ಮಧ್ಯಾಹ್ನ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದವರು ಹಾಗೇ ತಟ್ಟೆಯಲ್ಲಿ ಬಿಟ್ಟರು. ಮಗಳು ಎದ್ದು ಓಡಾಡಿದರೆ ನೀರು ಒಡೆದೀತೆಂದು ಹೆದರಿಕೆ, ಮಲಗಿದರೆ ಯಾಕೆ ಮಲಗಿದಳೆಂದು ಹೆದರಿಕೆ. ಏನಾಯಿತಪ್ಪ ಎಂದು ಅವಳು ಕೇಳಿದ್ದಕ್ಕೆ ಗ್ಯಾಸು ಎಂದರು. ಅರ್ಧ ನಿಜವೇ; ಕೆಟ್ಟು ಎಂಬ ಉಳಿದರ್ಧವನ್ನು ನುಂಗಿಕೊಂಡರು.

ಎಣ್ಣೆಯಲ್ಲಿ ನೀರಿದ್ದರೆ ಕಾದ ಹೆಂಚಿನ ಮೇಲೆ ಒಂದು ಹನಿ ಬಿಟ್ಟು ನೋಡಬಹುದು, ಚಟಪಟ ಸಿಡಿದರೆ ನೀರು ಇದೆಯೆಂದು ಅರ್ಥ ಎಂದು ಫೋನಿನ ಯಾವುದೋ ವಿಡಿಯೋದಲ್ಲಿ ಯಾರೋ ಹೇಳುತ್ತಿದ್ದರು. ಸಂಜೆ ಯಲ್ಲಮ್ಮ ಹಾಲು ಹಾಕಲು ಡೇರಿಗೆ ಹೋದದ್ದನ್ನು ನೋಡಿಕೊಂಡು ಅಡುಗೆ ಮನೆಗೆ ನುಗ್ಗಿದರು. ಹೆಂಚು ಕಾಯಿಸಿ, ಎಂಜಿನ್ನಿನಿಂದ ಎಳೆದು ತಂದ ಎಣ್ಣೆಯ ಅಳತೆ ಕಡ್ಡಿಯ ತುದಿಯಿಂದ ಒಂದು ತೊಟ್ಟು ಬಿಟ್ಟರು. ಎಣ್ಣೆ ಒಗ್ಗರಣೆಯ ಸಾಸಿವೆಯಂತೆ ಸಿಡಿಯಿತು. ಇನ್ನೊಂದು ತೊಟ್ಟು ಬಿಟ್ಟರು. ಅದೂ ಸಿಡಿಯಿತು. ಮೂರನೆಯದನ್ನು ಬಿಡುವಾಗ ಯಲ್ಲಮ್ಮ ಬಾಗಿಲಲ್ಲಿ ನಿಂತಿದ್ದರು. ದೋಸೆ ಹೆಂಚಿನ ಮೇಲೆ ಗಂಡ ಎಂಜಿನ್ ಎಣ್ಣೆ ಹುರಿಯುತ್ತಿರುವುದನ್ನು ಕಂಡೂ ಅವರು ರೇಗಲಿಲ್ಲ. ಒಲೆ ಆರಿಸಿ, ಏನು ಹೇಳಿ ಎಂದಷ್ಟೇ ಕೇಳಿದರು. ಗಂಗಹನುಮಯ್ಯನವರು ಮಗಳಿಗೆ ಕೇಳದಂತೆ ಪಿಸುಮಾತಿನಲ್ಲಿ ಹೇಳಿದರು. ಹೇಳುತ್ತಾ ಕೆರೆ ಏರಿ ಎಂಬ ಮಾತು ನಾಲಿಗೆಯವರೆಗೆ ಬಂದು ನಿಂತಿತು. ಯಲ್ಲಮ್ಮ ಅಲ್ಲಿಂದ ಮುಂದಕ್ಕೆ ಅದನ್ನು ಬರಗೊಡಲಿಲ್ಲ. ನಾಳೆ ಬೆಳಗ್ಗೆಯೇ ಮಾಗಡಿಗೆ ಹೋಗಿ ಮೆಕ್ಯಾನಿಕ್ ಅಕ್ರಮ್ ಕೈಲಿ ತೋರಿಸಿಕೊಂಡು ಬನ್ನಿ ಎಂದರು.

ಮಾಗಡಿಯ ಅಕ್ರಮ್ ಹೆಸರಿಗಷ್ಟೇ ಅಕ್ರಮ್. ಕೈಯಿಟ್ಟ ಗಾಡಿಯೆಲ್ಲ ಸಕ್ರಮ. ಅಲ್ಲಿಯವರೆಗಿನ ದಾರಿಯನ್ನು ಗಂಗಹನುಮಯ್ಯನವರು ಇಪ್ಪತ್ತೈದರ ವೇಗದಲ್ಲಿ, ಈಗ ಕಚ್ಚಿಕೊಳ್ಳುತ್ತದೆ, ಇನ್ನೊಂದು ಕ್ಷಣಕ್ಕೆ ಕಚ್ಚಿಕೊಳ್ಳುತ್ತದೆ ಎಂದು ಹಲ್ಲು ಕಚ್ಚಿಕೊಂಡೇ ಸವೆಸಿದರು. ಹಿಂದಿನಿಂದ ಬಂದ ಹಾಲಿನ ಲಾರಿ ಹಾರನ್ ಒತ್ತಿ ಒತ್ತಿ ಬೇಸತ್ತು ಪಕ್ಕದಲ್ಲಿ ಹಾಯ್ದು ಹೋಯಿತು.

ಅಕ್ರಮ್ ಮುಚ್ಚಳ ನೋಡಿದ. ಎಂಜಿನ್ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದ. ನೀರು ಬಾಯಿಮಟ್ಟ ಇತ್ತು, ಮೇಲೆ ಎಣ್ಣೆಯ ಪಸೆ ತೇಲುತ್ತಿರಲಿಲ್ಲ. ಅರ್ಧ ಗಂಟೆ ಎಂಜಿನ್ ಓಡಿಸಿ ಹಿಂದೆ ಹೋಗಿ ನಿಂತು ಹೊಗೆ ನೋಡಿದ. ಮೊದಮೊದಲು ಬಿಳಿ ಹಬೆ, ಆಮೇಲೆ ಏನೂ ಇಲ್ಲ. ಇಷ್ಟೂ ಹೊತ್ತು ಗಂಗಹನುಮಯ್ಯನವರು ಆಪರೇಷನ್ ಥಿಯೇಟರಿನ ಹೊರಗೆ ಕೂತವರಂತೆ ಟೈರಿನ ರಾಶಿಯ ಮೇಲೆ ಕೂತಿದ್ದರು.

“ಸಾಹೇಬ್ರೆ, ದಿನಾ ಎಷ್ಟು ದೂರ ಓಡುಸ್ತೀರಾ?” ಎಂದ ಅಕ್ರಮ್.

“ದಿನಾ ಸ್ಟಾರ್ಟ್ ಮಾಡ್ತೀನಿ. ಒಂದಿನಾನೂ ತಪ್ಸಿಲ್ಲ.”

“ಸ್ಟಾರ್ಟ್ ಸರಿ. ಓಡ್ಸೋದು?”

ಗಂಗಹನುಮಯ್ಯನವರು ತಿಂಗಳಿಗೊಮ್ಮೆಯ ಬಾಳೆಹಣ್ಣಿನ ಲೆಕ್ಕ ಒಪ್ಪಿಸಿದರು.

“ಗ್ಯಾಸ್ಕೆಟ್ಟಿಗೆ ಏನೂ ಆಗಿಲ್ಲ,” ಎಂದ ಅಕ್ರಮ್. “ಪೆಟ್ರೋಲ್ ಉರುದ್ರೆ ಹಬೆ ಬತ್ತದೆ ಸಾಹೇಬ್ರೆ. ಇಂಜಿನ್ ಚೆನ್ನಾಗಿ ಕಾದ್ರೆ ಆಚೆ ಹೋಯ್ತದೆ. ನೀವು ಕಾಯೋಕ್ಕೆ ಬುಡ್ತಿಲ್ಲ, ಎರಡ್ ನಿಮಿಷಕ್ಕೆ ಆಫ್ ಮಾಡ್ಬುಡ್ತೀರಾ. ಆ ಹಬೆ ಒಳಗೇ ನೀರಾಗಿ ಎಣ್ಣೆಗೆ ಸೇರ್ಕೊಂಡೈತೆ. ದಿನಾ ಒಸಿ ಒಸಿ.”

ಗಂಗಹನುಮಯ್ಯನವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವರು ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ರೈತರಿಗೆ ಹುಳು ಸಾಕಣೆ ಕಲಿಸುವ ಪ್ರದರ್ಶಕರಾಗಿದ್ದವರು. ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಅವರು ಕಾಲಿಡದ ಹುಳು ಮನೆಯಿಲ್ಲ. ಹೋದಲ್ಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ: ತೇವ ಹೊರಗೆ ಹೋಗಲಿ, ಗಾಳಿಯಾಡಲಿ, ಹಾಸಿಗೆ ಒಣಗಲಿ. ಹುಳುವಿಗೆ ಚಳಿಯಾದೀತು ಎಂಬ ಕಕ್ಕುಲಾತಿಗೆ ಕಿಟಕಿ ಮುಚ್ಚಿ, ಗೋಣಿ ಹೊದಿಸಿ, ತೇವ ಕಟ್ಟಿಸಿ, ಕಡೆಗೆ ಹುಳುವೆಲ್ಲ ಊದಿಕೊಂಡು ಮೈಯಿಂದ ಹಾಲಿನಂಥ ನೀರು ಸುರಿಸಿ ಸಾಯುವ ಹಾಲುತೊಂಡೆ ರೋಗ ತಂದುಕೊಂಡ ರೈತರನ್ನು ಅವರು ಬೈಯದ ದಿನವಿರಲಿಲ್ಲ. ಪ್ರೀತಿ ಜಾಸ್ತಿಯಾಗಿ ಕೊಂದ್ಬುಟ್ರಿ ಕಣ್ರಯ್ಯಾ ಎನ್ನುತ್ತಿದ್ದರು. ಈಗ ಅದೇ ಹುಳು ಮನೆಯಲ್ಲಿ, ದಿನಾ ಊದುಬತ್ತಿ ಹಚ್ಚಿ, ತಮ್ಮ ಕೈಯಾರೆ ಕಾರಿಗೆ ಹಾಲುತೊಂಡೆ ತರಿಸಿದ್ದರು. ಅದೂ ಮಗಳಿಗೋಸ್ಕರ.

ಅಕ್ರಮ್ ಹಳೆಯ ಎಣ್ಣೆ ಇಳಿಸಿದ. ಅದು ಹಾಲು ಜಾಸ್ತಿಯಾದ ಕಾಫಿಯ ಬಣ್ಣದಲ್ಲಿ ಬೋಗುಣಿಗೆ ಬಿತ್ತು. ಫಿಲ್ಟರ್ ಬದಲಿಸಿ ಹೊಸ ಎಣ್ಣೆ ತುಂಬಿದ. ಮೂಲೆಯಲ್ಲಿ ಇನ್ನೂ ಒಂದಿಷ್ಟು ಉಳಿದಿರುತ್ತದೆ, ಅದಕ್ಕೆ ದಿನಾ ರಾಮನಗರಕ್ಕೆ ಹೋಗಿ ಬನ್ನಿ, ಎಲ್ಲೂ ನಿಲ್ಲಿಸಬೇಡಿ, ಐವತ್ತು ಅರವತ್ತರಲ್ಲಿ ಓಡಿಸಿ, ವಾರ ಬಿಟ್ಟು ಬಂದರೆ ಮತ್ತೊಮ್ಮೆ ಎಣ್ಣೆ ಬದಲಿಸೋಣ ಎಂದ. ಔಷಧಿ ಕೇಳಿಯೇ ರೋಗಿಗೆ ಬೆವರಿತು. ಮೂವತ್ತರ ಮೇಲೆ ಮುಳ್ಳು ಏರಿದರೆ ಗಂಗಹನುಮಯ್ಯನವರಿಗೆ ಮುಳ್ಳಿನ ಮೇಲೆ ಕೂತಂತಾಗುತ್ತಿತ್ತು.

ಆದರೂ ಹೋದರು. ಶನಿವಾರ ಮೊದಲ ಸಲ ಹೋದಾಗ ಪ್ರತಿ ತಿರುವಿನಲ್ಲೂ ಸಾವು ಕೈಬೀಸಿದಂತೆ ಕಂಡಿತು. ಭಾನುವಾರ ಯಲ್ಲಮ್ಮ ಪಕ್ಕದಲ್ಲಿ ಕೂತು ಹಸಿರು ಬಟಾಣಿ ಸುಲಿಯುತ್ತಾ, ಎದುರಿಗೆ ಲಾರಿ ಬಂದಾಗಲೆಲ್ಲ ಲಾರಿ ಎನ್ನುತ್ತಾ ಸಹಾಯ ಮಾಡಿದರು. ಸೋಮವಾರ, ಮಂಗಳವಾರವೂ ಹೋದರು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದುಬಿಡುವುದು. ಮುಚ್ಚಳದ ಬಿಳಿ ದಿನದಿಂದ ದಿನಕ್ಕೆ ತೆಳುವಾಯಿತು. ಆದರೆ ಪೂರ್ತಿ ಹೋಗಿರಲಿಲ್ಲ. ಉಳಿದ ಆ ಉಗುರಿನಷ್ಟು ಬಿಳಿಯೇ ಅವರ ನಿದ್ದೆ ತಿನ್ನಲು ಸಾಕಾಗಿತ್ತು. ಅಕ್ರಮ್ ತಪ್ಪಾಗಿದ್ದರೆ? ಕೆಂಪಯ್ಯ ಹೇಳಿದ್ದೇ ನಿಜವಾಗಿದ್ದರೆ?

ಬುಧವಾರ ಬೆಳಗ್ಗೆ ಹತ್ತೂವರೆಗೆ, ಡಾಕ್ಟರು ಹೇಳಿದ್ದಕ್ಕಿಂತ ಹದಿನೆಂಟು ದಿನ ಮೊದಲು, ನಯನಾಗೆ ನೀರು ಒಡೆಯಿತು.

ಆಂಬುಲೆನ್ಸ್ ಮಾಗಡಿಯಿಂದ ಹೊರಟು ಇಲ್ಲಿಗೆ ಬರುವಷ್ಟರಲ್ಲಿ ನಾವೇ ಮಾಗಡಿ ದಾಟಿರುತ್ತೇವೆ ಎಂದು ಯಲ್ಲಮ್ಮ ಬಟ್ಟೆಯ ಗಂಟು ಹೊತ್ತು ಹೊರಬಂದರು. ಸಿದ್ಧಾರ್ಥನಿಗೆ ಫೋನ್ ಹೋಯಿತು, ನೇರ ಆಸ್ಪತ್ರೆಗೆ ಬರುತ್ತೇನೆಂದ. ಎಲ್ಲರೂ ಹುಳು ಮನೆಯ ಮುಂದೆ ಬಂದು ನೋಡಿದರೆ ಗಂಗಹನುಮಯ್ಯನವರು ಬಾನೆಟ್ ಎತ್ತಿಕೊಂಡು ನಿಂತಿದ್ದಾರೆ. ಮುಚ್ಚಳ ತಿರುಗಿಸುತ್ತಿದ್ದಾರೆ, ಅದು ತಿರುಗುತ್ತಿಲ್ಲ. ಬಾನೆಟ್ಟಿನೊಳಗೆ ತಲೆ ಹಾಕಿ ನಿಂತ ಗಂಡನ ಬೆನ್ನು ನೋಡಿ ಯಲ್ಲಮ್ಮನವರ ಮುಖ ಬಿಳುಚಿಕೊಂಡಿತು. ಮಾತಾಡಿದವಳು ಮಗಳು.

“ಮುಚ್ಚುಳ ಬುಡಪ್ಪ,” ಎಂದಳು ನಯನಾ, ಗೋಡೆ ಹಿಡಿದುಕೊಂಡು. “ಬಾಗ್ಲು ತಗಿ.”

ಅವರು ಬಾನೆಟ್ ಇಳಿಸಿ ಬಾಗಿಲು ತೆಗೆದರು.

ಮಾಗಡಿಯವರೆಗೆ ಗಂಗಹನುಮಯ್ಯನವರ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಕಣ್ಣು ಎಣ್ಣೆಯ ಕೆಂಪು ದೀಪದ ಮೇಲೆ. ಅದು ಹತ್ತಿತೆಂದರೆ ಎಲ್ಲ ಮುಗಿಯಿತು. ಮಾಗಡಿ ದಾಟಿದ ಮೇಲಿನ ಏರಿನಲ್ಲಿ ಎಂಜಿನ್ ಒಮ್ಮೆ ಗೊರಗೊರ ಅಂದಿತು. ಅವರ ಎದೆ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಗೇರು ಇಳಿಸಬೇಕೆಂದು ತಲೆಗೆ ಹೊಳೆಯುವ ಮೊದಲೇ ಕೈ ಇಳಿಸಿತ್ತು. ನಾಲ್ಕು ದಿನ ಸಾವು ಕೈಬೀಸಿದ್ದ ತಿರುವುಗಳೆಲ್ಲ ಒಂದೊಂದಾಗಿ ಬಂದವು. ಯಾವ ತಿರುವಿನಲ್ಲಿ ಎಷ್ಟು ತಿರುಗಿಸಬೇಕೆಂದು ಕೈಗೆ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ನಯನಾ ನೋವಿಗೆ ಸೀಟಿನ ಬೆನ್ನನ್ನು ಹಿಂಡಿದಾಗ ಅದು ಅವರ ಬೆನ್ನಿಗೇ ತಾಗುತ್ತಿತ್ತು. ಮುಳ್ಳು ಎಪ್ಪತ್ತರ ಮೇಲಿತ್ತು. ಅದನ್ನು ಅವರು ನೋಡಲಿಲ್ಲ. ಯಲ್ಲಮ್ಮ ನೋಡಿದರು, ಹೇಳಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ನಯನಾಳನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಓಡಿಸಿಕೊಂಡು ಹೋದರು. ಯಲ್ಲಮ್ಮ ಹಿಂದೆ ಓಡಿದರು. ಸಿದ್ಧಾರ್ಥ ಫ್ಯಾಕ್ಟರಿಯ ಬೂದುಬಣ್ಣದ ಅಂಗಿಯಲ್ಲೇ ಬಂದು ಒಳಗೆ ಹೋದ. ಗಂಗಹನುಮಯ್ಯನವರು ಗಾಡಿಯನ್ನು ಕಾಂಪೌಂಡಿನ ಪಕ್ಕಕ್ಕೆ ತಂದರು. ಆದರೆ ಇಳಿಯಲಿಲ್ಲ, ಆಫ್ ಮಾಡಲೂ ಇಲ್ಲ. ಇಲ್ಲಿ ಆಗುವುದಿಲ್ಲ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದುಬಿಟ್ಟರೆ? ಆಫ್ ಮಾಡಿದ್ದು ಮತ್ತೆ ಸ್ಟಾರ್ಟ್ ಆಗದಿದ್ದರೆ? ಸೆಕ್ಯುರಿಟಿಯವನು ಎರಡು ಸಲ ಬಂದು ಆಫ್ ಮಾಡಿ ಎಂದು ಹೇಳಿ ಹೋದ. ಮೂರನೆಯ ಸಲ ಅವರ ಮುಖ ನೋಡಿ ಸ್ವಲ್ಪ ದೂರದಲ್ಲಿ ನಿಂತುಕೊಂಡ. ಹೀಗೆ ಒಂದು ಗಂಟೆ ಹತ್ತು ನಿಮಿಷ.

ಯಲ್ಲಮ್ಮ ಬಂದರು. ಅವರ ನಡಿಗೆಯಿಂದ ಏನೂ ಗೊತ್ತಾಗುವಂತಿರಲಿಲ್ಲ. ಕಿಟಕಿಯ ಬಳಿ ಬಂದು ಕೆಳಗೆ ಬಗ್ಗಿದರು.

“ಆಪರೇಷನ್ ಮಾಡುದ್ರು. ಹೆಣ್ಣು ಮಗ. ಎರಡು ಮುಕ್ಕಾಲು ಕೇಜಿ ಐತೆ,” ಎಂದರು. “ಇಬ್ರೂ ಚೆಂದಾಗವ್ರೆ.”

ಗಂಗಹನುಮಯ್ಯನವರು ತಲೆಯಾಡಿಸಿದರು. ಕೀಗೆ ಕೈ ಹಾಕಿದರು. ಸ್ಟಿಯರಿಂಗ್ ಹಿಡಿದು ಹಿಡಿದು ಬೆರಳು ಮರಗಟ್ಟಿತ್ತು, ಕೀ ತಿರುಗಲಿಲ್ಲ. ಯಲ್ಲಮ್ಮ ಕಿಟಕಿಯೊಳಗಿಂದ ತೋಳು ಚಾಚಿ, ಅವರ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ತಿರುಗಿಸಿದರು. ಎಂಜಿನ್ ನಿಂತಿತು.